ಕೊಪ್ಪಳ ಸೀಮೆಯ ಕಾಳ್ಗಿಚ್ಚೂ ಹೊಳೆಯ ನೆರೆಯೂ

೧

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಸೀಮೆಯು ಬರದ ನಾಡೆಂದು ಪ್ರಸಿದ್ಧವಾಗಿದೆ. ಇಲ್ಲಿ ವರ್ಷವೊಂದಕ್ಕೆ ಬೀಳುವ ಮಳೆಯು ಸರಾಸರಿಯಲ್ಲಿ ಸುಮಾರು ೬೦೦ ಮಿಲಿಮೀಟರುಗಳಷ್ಟೇ. ಆದರೂ ಈ ಸೀಮೆಯ ಜನರಿಗೆ ಬೆಂಕಿಯ ಭಯವಿರುವಂತೆಯೇ ನೀರಿನ ಭಯವೂ ಉಂಟು. ಚೈತ್ರ ವೈಶಾಖಗಳಲ್ಲಿ ಗುಡ್ಡಗಳ ಒಣಹುಲ್ಲಿಗೆ ಕಿಚ್ಚು ಹತ್ತುವುದು. ಅದಾದ ಮೂರು ನಾಲ್ಕು ತಿಂಗಳೊಳಗಾಗಿ ತುಂಗಭದ್ರೆಯು ದಡಮೀರಿ ಆನೆಗೊಂದಿಯ ಸುತ್ತಣ ಗದ್ದೆಗಳನ್ನೂ ನಡುಗಡ್ಡೆಗಳನ್ನೂ ಮುಳುಗಿಸುವುದು. ಇವೆರಡನ್ನೂ ಒಂದೇ ಆಕಾಶದ ಫಲವೆಂದೆಣಿಸಿ, ಮಳೆನಕ್ಷತ್ರಗಳ ಲೆಕ್ಕದಿಂದಲೇ ಎರಡನ್ನೂ ಊಹಿಸುವ ವಾಡಿಕೆಯು ಬಹುಕಾಲದಿಂದ ನಡೆದುಬಂದಿದೆ. ವಿಚಾರಿಸಿ ನೋಡಿದರೆ ಈ ಎಣಿಕೆಯು ಅರ್ಧಮಾತ್ರ ಸರಿಯೆಂದು ತಿಳಿದುಬರುವುದು. ಕಿಚ್ಚು ಈ ನೆಲದಲ್ಲಿಯೇ ಹುಟ್ಟುವಂಥದು. ಹೊಳೆಯ ನೆರೆಯಾದರೋ ಬಹುಮಟ್ಟಿಗೆ ಬೇರೆ ನಾಡಿನಿಂದ ಬರುವಂಥದು. ಈ ಭೇದವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೨

ಮೊದಲು ಬೇಸಗೆಯ ಸ್ವರೂಪವನ್ನು ನೋಡಬೇಕು. ವೈದಿಕ ಮಾಸಗಣನೆಯಲ್ಲಿ ಗ್ರೀಷ್ಮ ಋತುವಿಗೆ ಶುಕ್ರ, ಶುಚಿ ಎಂಬೆರಡು ಮಾಸಗಳು ಸಲ್ಲುವುವು. ಇವು ಜ್ಯೇಷ್ಠ ಆಷಾಢಗಳಿಗೆ ಸಮಾನ. ಎರಡು ಶಬ್ದಗಳಿಗೂ ಜ್ವಲಿಸುವುದು, ಬೆಳಗುವುದು ಎಂಬರ್ಥವೇ ಮೂಲ. ಆದರೆ ಈ ಗಣನೆಯು ಉತ್ತರದ ಬಯಲುನಾಡಿಗೆ ಹೊಂದುವಷ್ಟು ಕೊಪ್ಪಳ ಸೀಮೆಗೆ ಹೊಂದುವುದಿಲ್ಲ. ಕೊಪ್ಪಳವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೈದು ಅಂಶಗಳಿಗೆ ತುಸು ಆಚೆಗಿದೆ. ಆದುದರಿಂದ ಮೇ ತಿಂಗಳ ಆದಿಯಲ್ಲಿಯೇ ಸೂರ್ಯನು ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುವನು. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಮಾಪಕವು ೪೦ ಸೆಂಟಿಗ್ರೇಡ್ ಅಂಶಗಳನ್ನು ಮೀರುವುದುಂಟು. ಜೂನ್ ತಿಂಗಳು ಕಾಲಿಡುವಷ್ಟರಲ್ಲಿ ಪಡುವಣ ಗಾಳಿಯೂ ಮೋಡವೂ ಬಂದು ಕಾವು ಇಳಿಯತೊಡಗುವುದು. ಎಂದರೆ, ಪಂಚಾಂಗವು ವಸಂತವೆಂದು ಕರೆಯುವ ಕಾಲವೇ ಈ ನಾಡಿಗೆ ನಿಜವಾದ ಗ್ರೀಷ್ಮ.

ಒಕ್ಕಲಿಗರ ಗಣನೆಯು ಇದಕ್ಕಿಂತ ಸೂಕ್ಷ್ಮವಾದುದು. ಸೂರ್ಯನು ಏಪ್ರಿಲ್ ೨೭ರ ಸುಮಾರಿಗೆ ಭರಣಿಯನ್ನೂ, ಮೇ ೧೧ರ ಸುಮಾರಿಗೆ ಕೃತ್ತಿಕೆಯನ್ನೂ, ಮೇ ೨೫ರ ಸುಮಾರಿಗೆ ರೋಹಿಣಿಯನ್ನೂ, ಜೂನ್ ೮ರ ಸುಮಾರಿಗೆ ಮೃಗಶಿರವನ್ನೂ ಪ್ರವೇಶಿಸುವನು. ಕೃತ್ತಿಕೆಗೆ ಅಗ್ನಿಯೇ ಅಧಿದೇವತೆಯೆಂಬುದು ಈ ಸೀಮೆಯ ಬಿಸಿಲಿಗೆ ಚೆನ್ನಾಗಿ ಒಪ್ಪುತ್ತದೆ. ಮೃಗಶಿರವನ್ನು ಜನರು ಮಿರಗವೆನ್ನುವರು. ಮಿರಗ ಕೂಡಿತೆಂದರೆ ಬಿತ್ತನೆಯ ಸಿದ್ಧತೆ. ಆದರೆ ಒಂದು ಮಾತನ್ನು ಮರೆಯಬಾರದು. ಅಯನಚಲನದ ದೆಸೆಯಿಂದ ನಕ್ಷತ್ರಗಣನೆಗೂ ಋತುವಿಗೂ ಸುಮಾರು ೭೨ ವರ್ಷಗಳಿಗೊಂದು ದಿನದ ಅಂತರ ಬೀಳುತ್ತ ಹೋಗುವುದು. ಆರನೆಯ ಶತಮಾನದಲ್ಲಿ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಮಳೆಯ ಲಕ್ಷಣಗಳನ್ನು ವಿವರಿಸಿದ ಕಾಲಕ್ಕೂ ಇಂದಿಗೂ ಈ ಅಂತರವು ಮೂರು ವಾರಗಳಷ್ಟಾಗಿದೆ. ಆದುದರಿಂದ ನಕ್ಷತ್ರವು ಕಾಲವನ್ನು ಗುರುತಿಸುವ ಸಾಧನವೇ ಹೊರತು ಮಳೆಗೆ ಕಾರಣವಲ್ಲ.

೩

ಇನ್ನು ಕಿಚ್ಚಿನ ವಿಚಾರ. ಈ ಸೀಮೆಯ ಗುಡ್ಡಗಳು ಬಹುಮಟ್ಟಿಗೆ ಕಗ್ಗಲ್ಲಿನ ಬಂಡೆಗಳ ರಾಶಿ. ನಡುನಡುವೆ ಜಾಲಿ, ಮುತ್ತುಗ, ಸೀತಾಫಲ ಮೊದಲಾದ ಗಿಡಮರಗಳು, ಎಲ್ಲೆಡೆಯೂ ಹುಲ್ಲು. ಗಂಗಾವತಿ ತಾಲೂಕಿನ ಬಂಕಾಪುರದ ಕುರುಚಲು ಕಾಡು ಇಂಥದೇ; ಅದು ತೋಳಗಳ ನೆಲೆ. ಇಲ್ಲಿ ಉರಿಯುವುದು ಹೆಮ್ಮರವಲ್ಲ, ಹುಲ್ಲು. ಹುಲ್ಲಿನ ಬೆಂಕಿಯು ಬೇಗ ಹಬ್ಬಿ ಬೇಗ ಆರುವುದಾದರೂ ನೆಲದಲ್ಲಿ ಗೂಡುಕಟ್ಟುವ ಹಕ್ಕಿಗಳಿಗೂ, ಎಳೆಯ ಸಸಿಗಳಿಗೂ, ದನಕುರಿಗಳ ಮೇವಿಗೂ ಅದರಿಂದ ಹಾನಿ ದೊಡ್ಡದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬರದ ವರ್ಷದಲ್ಲಿ ಕಿಚ್ಚು ಹೆಚ್ಚೆಂದು ತೋರುವುದು ಸಹಜ. ಆದರೆ ಹುಲ್ಲೇ ಬೆಳೆಯದಿದ್ದರೆ ಉರಿಯುವುದೇನು? ಹಿಂದಿನ ಮಳೆಗಾಲ ಚೆನ್ನಾಗಿ ನಡೆದು, ಹುಲ್ಲು ಸೊಂಪಾಗಿ ಬೆಳೆದು, ಮಾಘ ಫಾಲ್ಗುಣಗಳಲ್ಲಿ ಒಣಗಿ ನಿಂತಿರುವ ವರ್ಷವೇ ಹೆಚ್ಚು ಅಪಾಯಕರ. ಸಿಡಿಲು ಕಿಚ್ಚಿಗೆ ಕಾರಣವಾಗುವುದು ವಿರಳ. ಏಕೆಂದರೆ ಭರಣಿ ಕೃತ್ತಿಕೆಗಳ ಗುಡುಗಿನೊಡನೆ ಮಳೆಯೂ ಬೀಳುವುದು. ಹೊಸ ಚಿಗುರಿಗಾಗಿ ಹಳೆಯ ಹುಲ್ಲಿಗೆ ಬೆಂಕಿಯಿಡುವುದು, ಭತ್ತದ ಕೂಳೆಯನ್ನು ಸುಡುವುದು, ಆರಿಸದೆ ಎಸೆದ ಬೀಡಿ—ಇವೇ ಪ್ರಾಯಿಕ ಕಾರಣಗಳು. ಹೀಗೆ ಕಿಚ್ಚಿನ ಕಾರಣಗಳೆಲ್ಲವೂ ಊರಿನ ಎಲ್ಲೆಯೊಳಗೇ ಇವೆ. ಅದನ್ನು ತಡೆಯುವ ಉಪಾಯವೂ ಅಲ್ಲಿಯೇ ಇದೆ.

೪

ನೆರೆಯ ವಿಚಾರಕ್ಕೆ ಬರುವ ಮುನ್ನ ಭೂಗೋಲದ ಉತ್ತರಭಾಗದ ಒಂದು ದೃಷ್ಟಾಂತವನ್ನು ನೋಡುವುದು ಉಪಯುಕ್ತವಾಗಿದೆ. ಕೆನಡ, ಅಲಾಸ್ಕ, ಸೈಬೀರಿಯಗಳಲ್ಲಿ ಧ್ರುವವಲಯಕ್ಕೆ ತೆಂಕಣದಲ್ಲಿ ಹೊಂದಿಕೊಂಡಿರುವ ವಿಶಾಲವಾದ ಕಾಡುನಾಡಿದೆ. ಇದನ್ನು ಉಪಧ್ರುವ ಪ್ರದೇಶವೆನ್ನಬಹುದು. ಅಲ್ಲಿಯೂ ಬೇಸಗೆಯ ಆದಿಯಲ್ಲಿ ಬೆಂಕಿ ನೀರುಗಳ ಭಯ ಜೊತೆಜೊತೆಯಾಗಿ ಬರುವುದು. ಆದರೆ ಎರಡಕ್ಕೂ ಮೂಲ ಹಿಮ. ಏಪ್ರಿಲ್ ಮೇ ತಿಂಗಳುಗಳಲ್ಲಿ ಹಿಮ ಕರಗಿದೊಡನೆ ಕಳೆದ ವರ್ಷದ ಒಣಹುಲ್ಲೂ ತರಗೆಲೆಯೂ ಬಯಲಾಗುವುವು. ಹೊಸ ಹಸುರು ಮೂಡುವುದಕ್ಕೆ ಇನ್ನೂ ಕೆಲವು ವಾರಗಳು ಬೇಕು. ಹಗಲು ದೀರ್ಘವಾಗಿ, ಗಾಳಿ ಒಣಗಿ, ಬೆಂಕಿಗೆ ಅದೇ ಅವಕಾಶವಾಗುವುದು.

ಅದೇ ಕಾಲದಲ್ಲಿ ಹೊಳೆಗಳೂ ಉಕ್ಕುವುವು. ಸೈಬೀರಿಯದ ಲೀನಾ ಮೊದಲಾದ ಮಹಾನದಿಗಳು ತೆಂಕಣಿಂದ ಬಡಗಕ್ಕೆ ಹರಿಯುತ್ತವೆ. ತೆಂಕಣದ ಮೇಲುಭಾಗದಲ್ಲಿ ಮೊದಲು ಹಿಮ ಕರಗಿ ನೀರು ಹೊರಡುವುದು. ಬಡಗಣದ ಕೆಳಭಾಗದಲ್ಲಿ ಹೊಳೆಯಿನ್ನೂ ಹೆಪ್ಪುಗಟ್ಟಿರುವುದು. ಬಂದ ನೀರಿಗೂ ಒಡೆದ ಮಂಜುಗಡ್ಡೆಗೂ ದಾರಿಯಿಲ್ಲದೆ ಕಟ್ಟೆಯಂತಾಗಿ ದಡದ ಊರುಗಳು ಮುಳುಗುವುವು. ೨೦೦೧ರ ಮೇ ತಿಂಗಳಲ್ಲಿ ಲೀನಾ ದಡದ ಲೆನ್ಸ್ಕ್ ಪಟ್ಟಣವು ಹೀಗೆಯೇ ಹಾಳಾಯಿತು. ಕೆನಡದ ಫೋರ್ಟ್ ಮೆಕ್‌ಮರಿ ಎಂಬ ಪಟ್ಟಣವು ಎರಡು ಅಪಾಯಗಳನ್ನೂ ಕಂಡಿದೆ. ೨೦೧೬ರ ಮೇ ತಿಂಗಳಲ್ಲಿ ಕಾಳ್ಗಿಚ್ಚಿನಿಂದಾಗಿ ಅಲ್ಲಿಯ ೮೦,೦೦೦ಕ್ಕೂ ಹೆಚ್ಚು ಜನರು ಊರು ಬಿಡಬೇಕಾಯಿತು. ೨೦೨೦ರ ಏಪ್ರಿಲ್ ಕೊನೆಯಲ್ಲಿ ಮಂಜುಗಡ್ಡೆಯ ಕಟ್ಟೆಯಿಂದ ನೆರೆಯೇರಿ ಸುಮಾರು ೧೩,೦೦೦ ಜನರು ಮನೆ ತೊರೆದರು. ಈ ದೃಷ್ಟಾಂತದಿಂದ ತಿಳಿಯತಕ್ಕುದೇನೆಂದರೆ, ಹೊಳೆಯು ತಾನು ಹುಟ್ಟಿದ ನಾಡಿನ ಹವೆಯನ್ನು ಕೆಳಗಿನ ನಾಡಿಗೆ ಹೊತ್ತು ತರುವುದು ಎಂಬುದು.

೫

ತುಂಗಭದ್ರೆಗೆ ಹಿಮವಿಲ್ಲ, ಆದರೆ ಈ ನಿಯಮ ಅದಕ್ಕೂ ಅನ್ವಯಿಸುವುದು. ತುಂಗೆಯೂ ಭದ್ರೆಯೂ ಗಂಗಾಮೂಲದಲ್ಲಿ ಹುಟ್ಟಿ, ಶಿವಮೊಗ್ಗೆಯ ಸಮೀಪದ ಕೂಡಲಿಯಲ್ಲಿ ಒಂದಾಗುವುವು. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷದ ಮಳೆಯು ೭,೦೦೦ ಮಿಲಿಮೀಟರುಗಳ ಸುಮಾರಿನದು. ಕೊಪ್ಪಳದ ಹತ್ತುಮಡಿಗೂ ಮಿಕ್ಕುದು. ಆ ನೀರು ಮುನಿರಾಬಾದಿನ ಅಣೆಕಟ್ಟಿಗೆ ಬರುವ ಹೊತ್ತಿನಲ್ಲಿ ಯಲಬುರ್ಗಾದ ಎರೆಹೊಲವೂ ಕುಷ್ಟಗಿಯ ಮಸಾರಿಹೊಲವೂ ಮಳೆಗಾಗಿ ಬಾಯಿಬಿಟ್ಟಿರುವುದುಂಟು. ಆ ಎರಡು ತಾಲೂಕುಗಳಲ್ಲಿ ಹಳ್ಳಗಳುಂಟೇ ಹೊರತು ದೊಡ್ಡ ಹೊಳೆಯಿಲ್ಲ. ಒಂದೇ ಜಿಲ್ಲೆಯಲ್ಲಿ ಒಂದು ಕಡೆ ಒಣಗಿದ ಪೈರು, ಮತ್ತೊಂದು ಕಡೆ ಮುಳುಗಿದ ಗದ್ದೆ ಕಾಣುವುದಕ್ಕೆ ಇದೇ ಕಾರಣ.

ನೆರೆ ಬಂದಾಗ ಕಂಪ್ಲಿಗೂ ಗಂಗಾವತಿಗೂ ನಡುವಣ ಸೇತುವೆ ಮುಳುಗಿ ಸಂಚಾರ ನಿಲ್ಲುವುದು. ಆನೆಗೊಂದಿಯ ನವವೃಂದಾವನದ ನಡುಗಡ್ಡೆಗೆ ದಾರಿ ಕಟ್ಟುವುದು. ೨೦೧೯ರ ಆಗಸ್ಟ್ ಎರಡನೆಯ ವಾರದಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ನೂರಾರು ಪ್ರವಾಸಿಗಳನ್ನು ದೋಣಿಗಳಿಂದಲೂ ಹೆಲಿಕಾಪ್ಟರಿನಿಂದಲೂ ಪಾರುಮಾಡಬೇಕಾಯಿತು. ಗಡ್ಡೆಯೆಂದರೆ ಹೊಳೆಯ ನಡುವಣ ನೆಲ. ಹೆಸರೇ ಅಪಾಯವನ್ನು ಹೇಳುತ್ತಿದ್ದರೂ ಸ್ಥಳದ ಆಕಾಶವನ್ನು ಮಾತ್ರ ನೋಡಿದವರಿಗೆ ಅದು ಕೇಳಿಸದು.

ಅಣೆಕಟ್ಟು ಈ ಅಪಾಯವನ್ನು ತಗ್ಗಿಸಿದೆ, ಕಳೆದಿಲ್ಲ. ೧೯೫೩ರಲ್ಲಿ ನೀರು ನಿಲ್ಲಿಸಲಾರಂಭಿಸಿದ ಈ ಜಲಾಶಯವು ಮೊದಲಲ್ಲಿ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿದ್ದಿತು (ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ), ಹೂಳು ತುಂಬಿದ ಕಾರಣ ಈಗಿನ ಲೆಕ್ಕದಲ್ಲಿ ಅದು ಸುಮಾರು ೧೦೫.೮. ಪಾತ್ರೆ ಕಿರಿದಾದಷ್ಟೂ ಅದು ಬೇಗ ತುಂಬುವುದು, ಬೇಗ ಬಾಗಿಲು ತೆರೆಯಬೇಕಾಗುವುದು. ೨೦೨೪ರ ಆಗಸ್ಟ್ ೧೦ರ ರಾತ್ರಿ ೩೩ ಬಾಗಿಲುಗಳಲ್ಲಿ ೧೯ನೆಯದರ ಸರಪಣಿ ತುಂಡಾಗಿ ಆ ಬಾಗಿಲು ಕೊಚ್ಚಿಹೋಯಿತು. ತಾತ್ಕಾಲಿಕ ಬಾಗಿಲನ್ನು ಇಳಿಸಲು ಒಂದು ವಾರ ಹಿಡಿಯಿತು. ಅಷ್ಟರಲ್ಲಿ ಕೆಳಗಿನವರಿಗೆ ನೆರೆಯ ಭಯ, ಗಂಗಾವತಿಯ ಭತ್ತದ ಒಕ್ಕಲಿಗರಿಗೆ ಎರಡನೆಯ ಬೆಳೆಯ ನೀರು ಹೋಯಿತೆಂಬ ಭಯ, ಎರಡೂ ಒಂದೇ ಬಾಗಿಲಿನಿಂದ ಹೊರಟವು.

ಈ ನಿಯಮಕ್ಕೆ ಅಪವಾದವಿಲ್ಲದಿಲ್ಲ. ೨೦೦೯ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಆದಿಯಲ್ಲಿಯೂ ಉತ್ತರ ಕರ್ನಾಟಕದ ಒಳನಾಡಿನಲ್ಲಿಯೇ ಮಹಾವೃಷ್ಟಿಯಾಗಿ ಹಳ್ಳಕೊಳ್ಳಗಳೇ ನೆರೆ ತಂದವು. ಆದರೆ ಅದು ಮಳೆಗಾಲದ ಅಂತ್ಯದ ಸಂಗತಿ. ಜುಲೈ ಆಗಸ್ಟ್ ತಿಂಗಳುಗಳ ಹೊಳೆಯ ನೆರೆಗೆ ಮೇಲೆ ಹೇಳಿದ ಕಾರಣವೇ ಪ್ರಧಾನ.

೬

ಇದರಿಂದ ಫಲಿಸುವ ಅಂಶ ಸರಳವಾಗಿದೆ. ಕಿಚ್ಚಿನ ಮುನ್ಸೂಚನೆಯನ್ನು ಊರಿನ ಗುಡ್ಡದಲ್ಲಿಯೇ ಓದಬೇಕು: ಕಳೆದ ವರ್ಷ ಹುಲ್ಲು ಎಷ್ಟು ಬೆಳೆಯಿತು, ಭರಣಿಯ ಮಳೆ ಬಿತ್ತೋ ಇಲ್ಲವೋ, ಗಾಳಿ ಯಾವ ದಿಕ್ಕಿನದು ಎಂಬುದನ್ನು ನೋಡಿ, ಯುಗಾದಿಗೆ ಮೊದಲೇ ಹುಲ್ಲನ್ನು ಪಟ್ಟೆಯಾಗಿ ಕೊಯ್ದು ಬೆಂಕಿಗೆ ತಡೆ ಮಾಡಬೇಕು. ನೆರೆಯ ಮುನ್ಸೂಚನೆಯನ್ನು ಅಲ್ಲಿ ಹುಡುಕಿ ಪ್ರಯೋಜನವಿಲ್ಲ. ಆಗುಂಬೆ, ಶೃಂಗೇರಿಗಳಲ್ಲಿ ಎಷ್ಟು ಮಳೆಯಾಯಿತು, ಗಾಜನೂರಿನಿಂದ ಎಷ್ಟು ನೀರು ಬಿಟ್ಟರು, ಮುನಿರಾಬಾದಿನ ಜಲಾಶಯದಲ್ಲಿ ಇನ್ನೆಷ್ಟು ತೆರಪಿದೆ ಎಂಬ ಮೂರು ಲೆಕ್ಕಗಳನ್ನು ದಿನದಿನವೂ ವಿಚಾರಿಸಿಕೊಳ್ಳಬೇಕು. ಮಿರಗದ ಮಳೆಯನ್ನು ಕಾಯುವ ಒಕ್ಕಲಿಗನು ಆಕಾಶವನ್ನು ನೋಡುವುದು ಯುಕ್ತವೇ. ಆದರೆ ಹೊಳೆಯ ದಡದಲ್ಲಿ ಪಂಪು, ದನ, ರಾಶಿಗಳನ್ನು ಇಟ್ಟುಕೊಂಡಿರುವವನು ತನ್ನ ತಲೆಯ ಮೇಲೆ ಬಿಸಿಲಿರುವಾಗಲೇ ಅವನ್ನು ಎತ್ತರಕ್ಕೆ ಸಾಗಿಸಲು ಸಿದ್ಧನಾಗಿರಬೇಕು.