ಜೋಳದ ಕಡ್ಡಿಗೆ ಹೆಪ್ಪು

ಹನೂರು ತಾಲ್ಲೂಕಿನ ಶಾಗ್ಯದ ಕಡೆ ರಾಗಿ ಹುಲ್ಲನ್ನು ಯಾರೂ ಗೊಬ್ಬರಕ್ಕೆ ಹಾಕುವುದಿಲ್ಲ. ಅದು ದನದ ಪಾಲು, ನೇರ ಮೆದೆ ಸೇರುತ್ತದೆ. ತಲೆನೋವೆಲ್ಲ ಮುಸುಕಿನ ಜೋಳದ ಕಡ್ಡಿಯದು. ತೆನೆ ಮುರಿದ ಮೇಲೆ ಒಣಗಿದ ದಂಟಿನಲ್ಲಿ ದನ ಗರಿಯಷ್ಟೇ ಮೇದು ಉಳಿದದ್ದನ್ನು ಬಿಡುತ್ತದೆ. ತಿಪ್ಪೆಗೆ ಎಸೆದರೆ ‘ವರ್ಷ ಆದ್ರೂ ಕರಗಲ್ಲ ಬುಡಿ’ ಎನ್ನುವ ಮಾತು. ಬೆಂಕಿ ಇಡುವುದು ಸುಲಭ ಅನ್ನಿಸುವುದು ಆಗಲೇ.

ಕರಗದಿರಲು ಕಾರಣವಿದೆ. ಒಣ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು 60 ಪಾಲು ಇಂಗಾಲ. ಕೊಳೆಸುವ ಸೂಕ್ಷ್ಮಜೀವಿಗಳಿಗೆ 25ರಿಂದ 30 ಇದ್ದರೆ ಹದ. ಕೊರತೆ ತುಂಬಲು ಸಗಣಿ ಬಗ್ಗಡ, ಗಂಜಲ, ಹೊಂಗೆ ಸೊಪ್ಪು, ಗ್ಲಿರಿಸಿಡಿಯಾ. ರೇಷ್ಮೆ ಸಾಕುವ ಮನೆಯಾದರೆ ತಟ್ಟೆಯಿಂದ ಕೊಡವಿದ ಹುಳುವಿನ ಹಿಕ್ಕೆಯೂ ಆಯಿತು. ಇದೊಂದೂ ಸಾಲದಿದ್ದರೆ ಬಗ್ಗಡಕ್ಕೆ ಒಂದಿಷ್ಟು ಯೂರಿಯಾ ಕದಡಬಹುದು. ಅದರಲ್ಲಿ ಶೇ 46 ಸಾರಜನಕವೇ.

ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಹಚಿನ್ಸನ್ ಮತ್ತು ರಿಚರ್ಡ್ಸ್ 1921ರಲ್ಲೇ ಹುಲ್ಲಿಗೆ ರಾಸಾಯನಿಕ ಸಾರಜನಕ ಬೆರೆಸಿ, ದನದ ಹಂಗಿಲ್ಲದೆ ಗೊಬ್ಬರ ಮಾಡಿದ್ದರು. ನಮಗೆ ಹೆಚ್ಚು ಒದಗುವುದು ಬೆಂಗಳೂರು ಪದ್ಧತಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ್ದು. ಪಟ್ಟಣದ ಕಸ, ಮಲಕ್ಕೆಂದು ಹುಟ್ಟಿದ ಈ ಗುಂಡಿ ಮಳೆ ಕಮ್ಮಿಯಿರುವ ಸೀಮೆಯ ಹೊಲಕ್ಕೆ ಹೇಳಿ ಮಾಡಿಸಿದಂತಿದೆ: ಪದರ ಪದರವಾಗಿ ತುಂಬಿ, ಎರಡು ವಾರಕ್ಕೆ ಕುಸಿದ ಮೇಲೆ ಮೇಲೆಲ್ಲ ಕೆಸರು ಮೆತ್ತಿದರೆ ತೇವ ಆರುವುದಿಲ್ಲ. ಆರೆಂಟು ತಿಂಗಳು ಕಾಯಬೇಕು, ನಿಜ. ಆದರೆ ತಿರುವಿ ಹಾಕುವ ಕೂಲಿ ಉಳಿಯುತ್ತದೆ.

ಅಂಗಡಿಯ ಹೆಪ್ಪೂ ಇದೆ. ಟ್ರೈಕೋಡರ್ಮಾ ಪುಡಿ; ಗಾಜಿಯಾಬಾದಿನ ಸಾವಯವ ಕೃಷಿ ಕೇಂದ್ರದ ವೇಸ್ಟ್ ಡೀಕಂಪೋಸರ್. ಎರಡನೆಯದನ್ನು 200 ಲೀಟರ್ ನೀರಿಗೆ 2 ಕೆ.ಜಿ. ಬೆಲ್ಲದ ಜೊತೆ ಡ್ರಮ್ಮಿನಲ್ಲಿ ಕಲಸಿ, ದಿನವೂ ಕೋಲಾಡಿಸಿ ವಾರ ಬಿಡಬೇಕು. ನನ್ನ ಮಟ್ಟಿಗೆ ಇದು ಎರಡನೇ ಮಾತು. ಹಾಲು ಬೆಚ್ಚಗಿಲ್ಲದೆ ಹೆಪ್ಪು ಹಾಕಿದರೆ ಮೊಸರಾಗುತ್ತದೆಯೇ? ಆಳುದ್ದದ ಒಣ ದಂಟಿನ ಮೇಲೆ ಏನು ಚಿಮುಕಿಸಿದರೂ ಅಷ್ಟೇ. ಮೊದಲು ಗೇಣಿಗಿಂತ ಚಿಕ್ಕದಾಗಿ ಕತ್ತರಿಸಬೇಕು, ಚೆನ್ನಾಗಿ ನೆನೆಸಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಬೇಕು. ಧಾರೆ ಇಳಿದರೆ ನೀರು ಜಾಸ್ತಿ.

ನಾಲ್ಕನೇ ದಿನ ಗುಂಡಿಯ ನಡುವೆ ಕಬ್ಬಿಣದ ಸಲಾಕೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಎಳೆಯಿರಿ. ಹಿಡಿಯಲಾರದಷ್ಟು ಬಿಸಿಯಿದ್ದರೆ ಕೆಲಸ ಶುರುವಾಗಿದೆ. ತಣ್ಣಗಿದ್ದರೆ ಇನ್ನೊಂದು ಬಾನಿ ಬಗ್ಗಡ.

ಗುಂಡಿ ತೋಡುವಾಗ ಬಹುಪಾಲು ಕಪ್ಪು ಪುಡಿ, ಮಳೆ ಬಿದ್ದ ಮಣ್ಣಿನ ವಾಸನೆ. ದಂಟಿನ ಗಿಣ್ಣುಗಳು ಮಾತ್ರ ಅಲ್ಲಲ್ಲಿ ಹಠ ಹಿಡಿದು ಉಳಿದಿರುತ್ತವೆ. ಅವನ್ನು ಆಯ್ದು ಹೊಸ ಗುಂಡಿಯ ತಳಕ್ಕೆ ಎಸೆಯಿರಿ. ಮುಂದಿನ ಹೆಪ್ಪು ಅದೇ.