ಮೊಲದ ಕಿವಿಯ ಬೇನೆ

ಮೂಕಪ್ರಾಣಿಯೊಂದನ್ನು ಮನೆಗೆ ತಂದು ಸಾಕುವವರು, ಅದಕ್ಕೆ ಆಹಾರವನ್ನೂ ನೆಲೆಯನ್ನೂ ಕೊಟ್ಟ ಮಾತ್ರಕ್ಕೆ ತಮ್ಮ ಹೊಣೆ ತೀರಿತೆಂದು ತಿಳಿಯುವಂತಿಲ್ಲ. ಅದರ ನೋವನ್ನು ಅದರ ಪರವಾಗಿ ಹೇಳತಕ್ಕ ಬಾಯಿಯೂ ತಾವೇ ಆಗಬೇಕಾಗುತ್ತದೆ. ನಾಯಿ ನೊಂದರೆ ಕುಂಯಿಗುಟ್ಟುತ್ತದೆ. ಬೆಕ್ಕು ನೊಂದರೆ ಕೂಗುತ್ತದೆ. ಮೊಲವಾದರೋ ಹಾಗಲ್ಲ. ನರಿ, ಗಿಡುಗ ಮೊದಲಾದ ಬೇಟೆಗಾರರಿಗೆ ನಿತ್ಯವೂ ಗುರಿಯಾಗಿ ಬಾಳಿದ ಕುಲದಲ್ಲಿ ಹುಟ್ಟಿದ ಪ್ರಾಣಿಯಾದುದರಿಂದ, ತನ್ನ ದೌರ್ಬಲ್ಯವನ್ನು ಅಡಗಿಸಿಕೊಳ್ಳುವುದೇ ಅದರ ಸ್ವಭಾವ. ಬೇನೆ ಬೇರೂರಿದ್ದರೂ ಅದು ಗೂಡಿನ ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಮನೆಯವರು ನಿದ್ದೆಯೆಂದು ಭಾವಿಸಿ ಮುಂದೆ ಹೋಗುತ್ತಾರೆ. ಹೀಗೆ ಕಣ್ತಪ್ಪಿ ಬೆಳೆಯುವ ಬೇನೆಗಳಲ್ಲಿ ಕಿವಿಯ ಬೇನೆಯೂ ಒಂದು. ಮೊದಲಲ್ಲೇ ಗುರುತಿಸಿದರೆ ಅದರ ಚಿಕಿತ್ಸೆ ಬಹುಮಟ್ಟಿಗೆ ಸುಲಭ. ಕಡೆಗಣಿಸಿದರೆ ಮೊಲವು ತಲೆಯನ್ನು ನೇರವಾಗಿ ನಿಲ್ಲಿಸಲಾರದ ಸ್ಥಿತಿಗೂ ಬರಬಹುದು.

ರೋಗವನ್ನು ಅರಿಯುವುದಕ್ಕೆ ಮುಂಚೆ ಆರೋಗ್ಯವನ್ನು ಅರಿತಿರಬೇಕು. ನಮ್ಮ ಕಿವಿಯಂತೆಯೇ ಮೊಲದ ಕಿವಿಗೂ ಮೂರು ಭಾಗಗಳುಂಟು. ನೀಳವಾದ ಕಿವಿಯಾಲೆಯೂ, ಅದರ ಬುಡದಿಂದ ಒಳಕ್ಕಿಳಿಯುವ ನಾಳವೂ ಹೊರಗಿವಿ. ನಾಳದ ಕೊನೆಯಲ್ಲಿ ಕಿವಿದಮಟೆಯೆಂಬ ತೆಳುವಾದ ಪೊರೆ. ಅದರಾಚೆಗೆ ಗಾಳಿ ತುಂಬಿದ ನಡುಗಿವಿ. ಎಲ್ಲಕ್ಕೂ ಒಳಗಿರುವ ಒಳಗಿವಿಯು ಶಬ್ದವನ್ನು ಗ್ರಹಿಸುವುದಲ್ಲದೆ ದೇಹದ ಸಮತೋಲನವನ್ನೂ ಕಾಯುತ್ತದೆ. ಆರೋಗ್ಯವಾಗಿರುವ ಬಿಳಿಯ ಮೊಲದ ಕಿವಿಯ ಒಳಮೈ ತೆಳುಗುಲಾಬಿ ಬಣ್ಣವಾಗಿರುತ್ತದೆ. ಬೆಳಕಿಗೆ ಹಿಡಿದರೆ ನವಿರಾದ ರಕ್ತನಾಳಗಳು ಕಾಣುತ್ತವೆ. ಸ್ವಲ್ಪ ಹಳದಿ ಗುಗ್ಗೆ ಇದ್ದರೂ ಇರಬಹುದು, ದುರ್ವಾಸನೆ ಮಾತ್ರ ಇರಕೂಡದು. ನೋಡಲು ಬಹು ಮುದ್ದಾದ ಜೋಲುಗಿವಿಯ ತಳಿಗಳಲ್ಲಿ ಈ ನಾಳವು ಬುಡದಲ್ಲಿ ಮಡಿಚಿಕೊಂಡು ಇಕ್ಕಟ್ಟಾಗಿರುತ್ತದೆ. ಗುಗ್ಗೆ ಹೊರಬರಲಾರದೆ ಒಳಗೇ ನಿಂತು ರೋಗಕ್ಕೆ ಆಸ್ಪದ ಕೊಡುತ್ತದೆ. ಆದಕಾರಣ ಅಂಥ ಮೊಲಗಳನ್ನು ಸಾಕುವವರು ಇಮ್ಮಡಿ ಎಚ್ಚರದಿಂದಿರತಕ್ಕದ್ದು.

ಹೊರಗಿವಿಗೆ ತಗಲುವ ರೋಗಗಳಲ್ಲಿ ಎಲ್ಲರ ಕಣ್ಣಿಗೂ ಬೀಳುವಂಥದು ನುಸಿಯ ರೋಗ. ಸೊರಾಪ್ಟಿಸ್ ಎಂಬ ಈ ನುಸಿ ಅರ್ಧ ಮಿಲಿಮೀಟರಿನಿಂದ ಮುಕ್ಕಾಲು ಮಿಲಿಮೀಟರಿನಷ್ಟು ಮಾತ್ರ ದೊಡ್ಡದು. ಅದು ಚರ್ಮವನ್ನು ಕೊರೆದು ಒಳಹೋಗದೆ ಮೇಲೆಯೇ ವಾಸಿಸಿ ಕೆರಳಿಸುತ್ತದೆ. ಮೊಲವು ಮೇಲಿಂದ ಮೇಲೆ ತಲೆಯನ್ನು ಒದರುವುದು, ಹಿಂಗಾಲಿನಿಂದ ಕಿವಿಯನ್ನು ಕೆರೆದುಕೊಳ್ಳುವುದು ಇದರ ಮೊದಲ ಗುರುತು. ಮುಂದೆ ಕಿವಿಯೊಳಗೆ ಕಂದುಬೂದು ಬಣ್ಣದ ಹಕ್ಕಳೆ ಪದರ ಪದರವಾಗಿ ಕಟ್ಟುತ್ತದೆ. ಇದನ್ನು ಕಂಡೊಡನೆ ಹಕ್ಕಳೆಯನ್ನು ಕಿತ್ತು ಶುದ್ಧಮಾಡಬೇಕೆಂದು ಕೈ ತುರಿಸುವುದು ಸಹಜ. ಆದರೆ ಹಾಗೆ ಮಾಡಲೇಬಾರದು. ಅದರ ಕೆಳಗಿರುವುದು ಹಸಿಯಾದ ಚರ್ಮ; ಕಿತ್ತರೆ ರಕ್ತ ಒಸರಿ ಮೊಲಕ್ಕೆ ಅತ್ಯಂತ ಯಾತನೆಯಾಗುತ್ತದೆ. ನುಸಿಗಳು ಸತ್ತಮೇಲೆ ಹಕ್ಕಳೆ ತಾನಾಗಿಯೇ ಉದುರಿಹೋಗುವುದು.

ನುಸಿಯನ್ನು ಕೊಲ್ಲುವ ಔಷಧಗಳಲ್ಲಿ ಐವರ್ಮೆಕ್ಟಿನ್ ಪ್ರಸಿದ್ಧವಾದುದು. ಜಪಾನಿನ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರಿಂದ ಇದರ ಮೂಲದ್ರವ್ಯ ಬಂದಿತು. ಈ ಸಂಶೋಧನೆಗಾಗಿ ಸತೋಷಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಎಂಬ ವಿಜ್ಞಾನಿಗಳು 2015ರಲ್ಲಿ ನೊಬೆಲ್ ಪಾರಿತೋಷಕದ ಭಾಗಿಗಳಾದರು. ಈ ಔಷಧವು ಮೊಟ್ಟೆಗಳನ್ನು ಕೊಲ್ಲಲಾರದು. ಮೊಟ್ಟೆಯೊಡೆದು ನುಸಿ ಪ್ರಾಯಕ್ಕೆ ಬರಲು ಸುಮಾರು 3 ವಾರ ಹಿಡಿಯುವುದರಿಂದ, ವೈದ್ಯರು 10ರಿಂದ 14 ದಿನಗಳ ಅಂತರವಿಟ್ಟು ಎರಡು ಮೂರು ಸಾರಿ ಚುಚ್ಚುಮದ್ದನ್ನು ಕೊಡುತ್ತಾರೆ. ಮೊದಲ ಸಾರಿಗೇ ಗುಣ ಕಂಡಿತೆಂದು ನಿಲ್ಲಿಸಿದರೆ ರೋಗವು ಮರುಕಳಿಸುವುದು. ಒಂದೇ ಗೂಡಿನ ಎಲ್ಲಾ ಮೊಲಗಳಿಗೂ ಚಿಕಿತ್ಸೆಯಾಗಬೇಕು. ಗೂಡನ್ನು ಶುದ್ಧಮಾಡಿ ಹಾಸಿದ ಹುಲ್ಲನ್ನೂ ಬದಲಿಸಬೇಕು.

ಎರಡನೆಯ ಬಗೆಯದು ಸೂಕ್ಷ್ಮಾಣುಗಳಿಂದ ಕೀವಾಗುವ ರೋಗ. ಇದು ಹೆಚ್ಚು ಮೋಸಗಾರನಾದದ್ದು. ಹೊರಗಿನ ನಾಳದಿಂದ ಒಳಕ್ಕೆ ಇಳಿಯುವುದಲ್ಲದೆ, ಗಂಟಲಿನಿಂದ ನಡುಗಿವಿಗೆ ಹೋಗುವ ಕೊಳವೆಯ ಮೂಲಕ ಮೂಗಿನ ನೆಗಡಿಯೂ ಅಲ್ಲಿಗೆ ಏರಬಹುದು. ಪಾಶ್ಚುರೆಲ್ಲ, ಸ್ಟೆಫಿಲೊಕಾಕಸ್ ಮೊದಲಾದ ಸೂಕ್ಷ್ಮಾಣುಗಳು ಇದಕ್ಕೆ ಕಾರಣ. ಮನುಷ್ಯರ ಕೀವು ನೀರಾಗಿ ಹರಿದುಹೋಗುವಂತೆ ಮೊಲದ ಕೀವು ಹರಿಯುವುದಿಲ್ಲ; ಅದು ಹಸುವಿನ ಗಿಣ್ಣಿನಂತೆ ಗಟ್ಟಿಯಾಗಿ ಇದ್ದಲ್ಲೇ ನಿಲ್ಲುತ್ತದೆ. ಆದುದರಿಂದಲೇ ಔಷಧಿ ಅದರೊಳಕ್ಕೆ ಹೊಗುವುದೂ ಕಷ್ಟ, ರೋಗ ವಾಸಿಯಾಗುವುದೂ ನಿಧಾನ. ಕಿವಿಯಿಂದ ನಾತ, ಬುಡದಲ್ಲಿ ಊತ, ಒಂದು ಕಿವಿ ಮಾತ್ರ ಜೋತುಬೀಳುವುದು, ಮುಟ್ಟಿದರೆ ತಲೆ ಹಿಂತೆಗೆಯುವುದು, ಹಲ್ಲು ಕಡಿಯುವುದು, ಮೇವಿನಲ್ಲಿ ಅರುಚಿ, ಮುಖದ ಒಂದು ಪಕ್ಕ ಜೋಲುವುದು, ಆ ಕಡೆಯ ಕಣ್ಣು ಮುಚ್ಚಲಾರದೆ ನೀರೊಸರುವುದು, ಇವೆಲ್ಲ ಇದರ ಲಕ್ಷಣಗಳು.

ರೋಗವು ಒಳಗಿವಿಯನ್ನು ಮುಟ್ಟಿದಾಗ ತಲೆ ಒಂದು ಕಡೆಗೆ ವಾಲುತ್ತದೆ. ಕಣ್ಣುಗುಡ್ಡೆಗಳು ಅತ್ತಿಂದಿತ್ತ ಅದುರುತ್ತವೆ. ಮೊಲವು ಸುತ್ತು ತಿರುಗಿ ಉರುಳಿಬೀಳುತ್ತದೆ. ಇದನ್ನು ಕಂಡು ಕೆಲವರು ಪಾರ್ಶ್ವವಾಯು ಎನ್ನುವರು, ಕೆಲವರು ದೃಷ್ಟಿ ತಾಗಿತೆನ್ನುವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲೆಂಬಂತೆ ಹಟವನ್ನೂ ಹಿಡಿಯುವರು. ವಾಸ್ತವವಾಗಿ ಇದಕ್ಕೆ ಮುಖ್ಯ ಕಾರಣಗಳು ಎರಡು. ಒಂದು, ಈಗ ಹೇಳಿದ ಕಿವಿಯ ಕೀವು. ಇನ್ನೊಂದು, ಮೆದುಳನ್ನೂ ಮೂತ್ರಪಿಂಡವನ್ನೂ ಹಿಡಿಯುವ ಎನ್ಸೆಫಲಿಟೋಜೋನ್ ಎಂಬ ಅತಿಸೂಕ್ಷ್ಮ ಪರೋಪಜೀವಿ. ಇದಕ್ಕೆ ಫೆನ್‌ಬೆಂಡಜೋಲ್ ಎಂಬ ಔಷಧವನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಎರಡರ ಚಿಕಿತ್ಸೆಯೂ ಬೇರೆ ಬೇರೆಯಾದುದರಿಂದ ಕಾರಣವನ್ನು ಗೊತ್ತುಮಾಡುವುದು ವೈದ್ಯರ ಕೆಲಸ. ಅವರು ದೀಪವುಳ್ಳ ಉಪಕರಣದಿಂದ ನಾಳವನ್ನು ನೋಡುವರು. ಕೀವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು. ಅವಶ್ಯವಾದರೆ ಎಕ್ಸ್-ರೇ ಅಥವಾ ಸಿ.ಟಿ. ಸ್ಕ್ಯಾನ್ ಮಾಡಿಸುವರು. ಔಷಧದ ಸೇವನೆ ಅನೇಕ ವಾರಗಳು ನಡೆಯಬೇಕಾಗಬಹುದು. ಕೆಲವೊಮ್ಮೆ ಶಸ್ತ್ರಚಿಕಿತ್ಸೆಯೂ ಬೇಕಾದೀತು. ತಲೆ ವಾಲಿದ ಮಾತ್ರಕ್ಕೆ ಆಶೆ ಬಿಡಬೇಕಾಗಿಲ್ಲ. ಗುಣವಾದ ಮೇಲೂ ತುಸು ವಾಲು ಉಳಿದು, ಅದಕ್ಕೆ ಒಗ್ಗಿಕೊಂಡು ನೆಮ್ಮದಿಯಿಂದ ಬಾಳುವ ಮೊಲಗಳುಂಟು.

ಮನೆಮದ್ದಿನ ವಿಷಯದಲ್ಲಿ ಕೆಲವು ಮಾತುಗಳನ್ನು ಒತ್ತಿ ಹೇಳಬೇಕಾಗಿದೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಕಂಡುಹಿಡಿದ ಪೆನಿಸಿಲಿನ್ ಅಸಂಖ್ಯ ಮನುಷ್ಯರನ್ನು ಬದುಕಿಸಿದೆ. ಅದೇ ವರ್ಗದ ಔಷಧವನ್ನು ಮೊಲಕ್ಕೆ ಬಾಯಿಯ ಮೂಲಕ ಕೊಟ್ಟರೆ ಅದು ಸಾಯಬಹುದು. ಹುಲ್ಲನ್ನು ಜೀರ್ಣಿಸಲು ಅದರ ಕರುಳಿನಲ್ಲಿರುವ ಉಪಕಾರಿ ಜೀವಾಣುಗಳು ನಾಶವಾಗಿ, ವಿಷಕಾರಿಗಳು ತಲೆಯೆತ್ತುವುದೇ ಇದಕ್ಕೆ ಕಾರಣ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಮೈಸಿನ್ ಇವೂ ಹಾಗೆಯೇ. ಮಗುವಿಗಾಗಿ ತಂದು ಉಳಿದ ಔಷಧವನ್ನು ಮೊಲದ ಬಾಯಿಗೆ ಎಂದಿಗೂ ಹಾಕಬಾರದು. ನಾಯಿಗಳ ಉಣ್ಣೆಗೆ ಹಚ್ಚುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ. ಕಿವಿದಮಟೆ ಹರಿದಿದೆಯೇ ಇಲ್ಲವೇ ಎಂದು ತಿಳಿಯದೆ ಎಣ್ಣೆಯನ್ನಾಗಲಿ ಔಷಧದ ಹನಿಯನ್ನಾಗಲಿ ಬಿಡಕೂಡದು. ಹರಿದಿದ್ದರೆ ಅದು ನೇರವಾಗಿ ಒಳಕ್ಕಿಳಿದು ಹಾನಿ ಮಾಡುವುದು. ಹತ್ತಿ ಸುತ್ತಿದ ಕಡ್ಡಿಯೂ ಬೇಡ. ಅದು ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ನೂಕುತ್ತದೆ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಉಪಚಾರವೆಲ್ಲವೂ ಅವರದೇ. ಮೊಲಕ್ಕೆ ಅರ್ಧದಿನ ಹೊಟ್ಟೆ ಬರಿದಾದರೂ ಕರುಳಿನ ಚಲನೆ ನಿಂತು ಪ್ರಾಣಕ್ಕೆ ಅಪಾಯವಾಗುವುದುಂಟು. ಆದುದರಿಂದ ಒಣಹುಲ್ಲನ್ನೂ ಹಸಿರು ಸೊಪ್ಪನ್ನೂ ನೀರನ್ನೂ ಬಾಯಿಗೆ ಎಟಕುವಲ್ಲಿಯೇ ಇಡಬೇಕು. ಮೇವು ಮುಟ್ಟದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಿ, ಅವರು ಹೇಳಿದ ಮೆತ್ತನೆಯ ಆಹಾರವನ್ನು ಸೂಜಿಯಿಲ್ಲದ ಪಿಚಕಾರಿಯಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪ ಸ್ವಲ್ಪವಾಗಿ ಉಣಿಸಬೇಕು. ಉರುಳುವ ಮೊಲದ ಸುತ್ತ ಸುರುಳಿ ಸುತ್ತಿದ ಟವಲುಗಳನ್ನು ಒತ್ತಾಗಿ ಇಟ್ಟರೆ ಪೆಟ್ಟು ತಗಲುವುದಿಲ್ಲ. ಕೆಳಗಾದ ಕಣ್ಣು ನೆಲಕ್ಕೆ ಉಜ್ಜದಂತೆ ಕಾಪಾಡಬೇಕು.

ರೋಗವಿಲ್ಲದಾಗಲೂ ವಾರಕ್ಕೊಮ್ಮೆ ಒಂದು ದಿನವನ್ನು ಗೊತ್ತುಮಾಡಿಕೊಂಡು ಮೊಲದ ಎರಡು ಕಿವಿಗಳನ್ನೂ ಬೆಳಕಿನಲ್ಲಿ ನೋಡಿ, ಮೂಸಿ, ಬುಡವನ್ನು ಮೃದುವಾಗಿ ಮುಟ್ಟಿ ಪರೀಕ್ಷಿಸಬೇಕು. ಕಿವಿ ಹಿಡಿದು ಮೊಲವನ್ನು ಎತ್ತುವ ಹಳೆಯ ರೂಢಿಯನ್ನಂತೂ ಬಿಟ್ಟೇಬಿಡಬೇಕು. ಎದೆಗೂ ಹಿಂಭಾಗಕ್ಕೂ ಕೈಯಾನಿಸಿ ಮಡಿಲಿಗೆ ತೆಗೆದುಕೊಳ್ಳುವುದೇ ಸರಿ. ಸಂಶಯ ಬಂದರೆ ಸಮೀಪದ ಪಶುವೈದ್ಯರಲ್ಲಿಗೆ ಹೋಗಬೇಕು. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್ ಈ ಊರುಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳೂ ಇವೆ. ಈ ವಾರದ ಪರೀಕ್ಷೆಯನ್ನು ಮನೆಯ ಮಕ್ಕಳಿಗೆ ಒಪ್ಪಿಸಿ ದೊಡ್ಡವರು ಹತ್ತಿರವಿದ್ದು ನೋಡಿಕೊಂಡರೆ ಎರಡು ಲಾಭಗಳುಂಟು: ಮೊಲದ ಕಿವಿ ಚೆನ್ನಾಗಿರುತ್ತದೆ, ಹೇಳಿಕೊಳ್ಳಲಾರದ ಜೀವದ ನೋವನ್ನು ತಾವಾಗಿ ಅರಿಯುವ ಅಭ್ಯಾಸವೂ ಮಕ್ಕಳಿಗೆ ಬರುತ್ತದೆ.