ನಿದಾನ ಮತ್ತು ನಿಧಾನ

ಒಂದಕ್ಷರದ ಉಸಿರಿನಲ್ಲಿ ಮಾತ್ರ ವ್ಯತ್ಯಾಸವಿರುವ ಎರಡು ಶಬ್ದಗಳು ಕನ್ನಡದಲ್ಲಿವೆ: ನಿದಾನ, ನಿಧಾನ. ಮೊದಲನೆಯದು ಅಲ್ಪಪ್ರಾಣ. ಮೂಲಕಾರಣವೆಂದು ಅದರ ಅರ್ಥ. ಕಾಯಿಲೆ ಇಂಥದೇ ಎಂದು ಗೊತ್ತುಮಾಡುವುದನ್ನು ರೋಗನಿದಾನ ಎನ್ನುತ್ತೇವೆ. ಎರಡನೆಯದು ಮಹಾಪ್ರಾಣ. ಸಂಸ್ಕೃತದಲ್ಲಿ ಅದಕ್ಕೆ ನಿಧಿ, ನಿಕ್ಷೇಪ ಎಂಬ ಅರ್ಥಗಳಿದ್ದರೂ ನಮ್ಮ ಆಡುಮಾತಿನಲ್ಲಿ ಅದು ಸಾವಕಾಶ, ತಾಳ್ಮೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇವೆರಡೂ ಅದಲುಬದಲಾಗುವುದನ್ನು ಎಷ್ಟೋ ವರ್ಷ ಕೆಂಪು ಮಸಿಯಿಂದ ತಿದ್ದಿದವನು ನಾನು. ಈಚೆಗೆ, ಆ ಹುಡುಗರ ತಪ್ಪಿನಲ್ಲಿಯೂ ಒಂದು ಅರ್ಥ ಅಡಗಿತ್ತೇನೋ ಎನ್ನಿಸುತ್ತಿದೆ. ರೋಗನಿದಾನದಿಂದ ನಿಧಾನ ಜಾರಿಹೋದರೆ ಏನಾಗುತ್ತದೆಂಬುದನ್ನು ನಮ್ಮ ಊರುಗಳಲ್ಲಿ ನಿತ್ಯವೂ ಕಾಣುವ ಒಂದು ಜ್ವರ, ಒಂದು ರಕ್ತಪರೀಕ್ಷೆ, ಇವುಗಳ ಮೂಲಕ ಹೇಳಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ವೈದ್ಯಮಿತ್ರರೊಡನೆ ಕುಳಿತು ಕೇಳಿ, ಓದಿ ತಿಳಿದುಕೊಂಡದ್ದು ಇದು.

ಆ ಜ್ವರ ಟೈಫಾಯಿಡ್. ನಮ್ಮ ಪಠ್ಯಪುಸ್ತಕಗಳು ವಿಷಮಶೀತಜ್ವರವೆಂದು ಕರೆದದ್ದು. ಮಲಿನವಾದ ನೀರು, ಆಹಾರಗಳಿಂದ ಬರುವ ಇದರ ಸೂಕ್ಷ್ಮಾಣುವನ್ನು ಮೊದಲು ಕಂಡು ವರ್ಣಿಸಿದವನು 1880ರಲ್ಲಿ ಎಬರ್ತ್ ಎಂಬ ಜರ್ಮನ್ ವಿದ್ವಾಂಸ. 1896ರಲ್ಲಿ ಪ್ಯಾರಿಸ್ಸಿನ ಫರ್ನಾಂ ವಿಡಾಲ್ ಎಂಬ ವೈದ್ಯ, ರೋಗಿಯ ರಕ್ತದ ತಿಳಿಯನ್ನು ಈ ಸೂಕ್ಷ್ಮಾಣುಗಳೊಡನೆ ಬೆರೆಸಿದಾಗ ಅವು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುವುದನ್ನು ರೋಗನಿದಾನಕ್ಕೆ ಬಳಸಿಕೊಂಡ. ವೈರಿಯ ವಿರುದ್ಧ ನಮ್ಮ ಶರೀರ ತಯಾರಿಸಿದ ಪ್ರತಿಕಾಯಗಳೆಂಬ ಆಯುಧಗಳು ಆ ತಿಳಿಯಲ್ಲಿರುವುದೇ ಅದಕ್ಕೆ ಕಾರಣ. ರಕ್ತದ ತಿಳಿಯನ್ನು ಇಪ್ಪತ್ತು ಪಟ್ಟು, ನಲವತ್ತು, ಎಂಬತ್ತು, ನೂರರವತ್ತು ಪಟ್ಟು ಹೀಗೆ ತೆಳುಮಾಡುತ್ತ ಹೋಗಿ, ಎಲ್ಲಿಯವರೆಗೆ ಈ ಅಂಟುವಿಕೆ ಕಾಣುತ್ತದೆಂದು ನೋಡುತ್ತಾರೆ. ಪ್ರಯೋಗಶಾಲೆಯ ಚೀಟಿಯಲ್ಲಿ ‘ವೈಡಾಲ್ ಪಾಸಿಟಿವ್’ ಎಂದು ಬರೆದು ಮುಂದೆ ಕಾಣಿಸುವ ಅಂಕಿಗಳು ಇವೇ. ಆ ಕಾಲಕ್ಕೆ ಇದು ದೊಡ್ಡ ಸಾಧನೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಆ ಚೀಟಿ ನಿಜವಾಗಿ ಹೇಳುವುದೇನು? ಈ ರಕ್ತದಲ್ಲಿ ಇಂಥ ಪ್ರತಿಕಾಯಗಳುಂಟು ಎಂದಷ್ಟೇ. ಅವು ಇಂದಿನ ಜ್ವರಕ್ಕೆ ಸಂಬಂಧಪಟ್ಟವೋ, ಎಂದೋ ಬಂದು ಹೋದ ಜ್ವರದವೋ, ಹಾಕಿಸಿಕೊಂಡ ಲಸಿಕೆಯವೋ, ಅದೇ ಕುಲದ ಬೇರೊಂದು ಸೂಕ್ಷ್ಮಾಣುವಿನಿಂದ ಹುಟ್ಟಿದವೋ, ಅದು ಹೇಳಲಾರದು. ಟೈಫಾಯಿಡ್ ಸದಾ ಸುಳಿದಾಡುವ ನಮ್ಮಂಥ ನಾಡಿನಲ್ಲಿ ಆರೋಗ್ಯವಂತರ ರಕ್ತದಲ್ಲಿಯೂ ಇವು ಅಷ್ಟಿಷ್ಟು ಇದ್ದೇ ಇರುತ್ತವೆ. ಇನ್ನೊಂದು ಕಡೆ, ನಿಜವಾದ ರೋಗಿಯಲ್ಲಿ ಇವು ಬಲಿಯುವುದು ಮೊದಲ ವಾರ ಕಳೆದ ಮೇಲೆ. ಜ್ವರ ಬಂದ ಎರಡನೆಯ ದಿನವೇ ಈ ಪರೀಕ್ಷೆ ಮಾಡಿಸಿದರೆ ‘ಹೌದು’ ಎಂಬುದಕ್ಕೂ ಬೆಲೆಯಿಲ್ಲ, ‘ಇಲ್ಲ’ ಎಂಬುದಕ್ಕೂ ಇಲ್ಲ. ಹತ್ತು ಹದಿನಾಲ್ಕು ದಿನಗಳ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು, ಅಂಕಿ ನಾಲ್ಕು ಪಟ್ಟು ಏರಿದೆಯೆ ಎಂದು ನೋಡುವುದು ಶಾಸ್ತ್ರೋಕ್ತ ವಿಧಾನ. ಅಷ್ಟು ಹೊತ್ತಿಗೆ ರೋಗಿ ಗುಣವಾಗಿಯೋ ಉಲ್ಬಣಿಸಿಯೋ ಇರುತ್ತಾನಾದ್ದರಿಂದ ಆ ವಿಧಾನ ಪುಸ್ತಕದಲ್ಲಿಯೇ ಉಳಿದುಕೊಂಡಿದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಇದು ಕಲ್ಪಿತ ಲೆಕ್ಕ. ತತ್ತ್ವ ತಿಳಿಯಲೆಂದು ಮಾತ್ರ. ಜ್ವರವೆಂದು ಬಂದ ಸಾವಿರ ಮಂದಿಯಲ್ಲಿ ಐವತ್ತು ಜನಕ್ಕೆ ನಿಜವಾಗಿ ಟೈಫಾಯಿಡ್ ಇದೆಯೆನ್ನಿ. ನೂರು ರೋಗಿಗಳಲ್ಲಿ ಎಂಬತ್ತು ಮಂದಿಯನ್ನು ಹಿಡಿಯುವ, ರೋಗವಿಲ್ಲದ ನೂರರಲ್ಲಿ ಇಪ್ಪತ್ತು ಮಂದಿಗೆ ಸುಳ್ಳೇ ‘ಹೌದು’ ಎನ್ನುವ ಪರೀಕ್ಷೆಯನ್ನು ಎಲ್ಲರಿಗೂ ಮಾಡೋಣ. ಐವತ್ತು ರೋಗಿಗಳಲ್ಲಿ ನಲವತ್ತು ಮಂದಿ ಸಿಕ್ಕುತ್ತಾರೆ. ಉಳಿದ ಒಂಬೈನೂರೈವತ್ತು ಮಂದಿಯಲ್ಲಿ ನೂರತೊಂಬತ್ತು ಜನಕ್ಕೆ ಸುಳ್ಳು ‘ಹೌದು’. ಹೀಗೆ ಇನ್ನೂರ ಮೂವತ್ತು ಚೀಟಿಗಳಲ್ಲಿ ‘ಪಾಸಿಟಿವ್’ ಎಂದಿದ್ದರೆ ಅವುಗಳಲ್ಲಿ ದಿಟವಾದವು ನಲವತ್ತು. ಆರರಲ್ಲಿ ಒಂದು ಎನ್ನಿ. ಈಗ ಅದೇ ಪರೀಕ್ಷೆಯನ್ನು ಬೇರೆ ರೀತಿಯಲ್ಲಿ ಬಳಸೋಣ. ವೈದ್ಯರು ಮೊದಲು ವಿಚಾರಿಸಿ, ಮೈಮುಟ್ಟಿ ನೋಡಿ, ವಾರ ಕಳೆದರೂ ಇಳಿಯದ, ಬೇರೆ ಕಾರಣ ಕಾಣದ ಜ್ವರದವರನ್ನು ಮಾತ್ರ ಆರಿಸುತ್ತಾರೆ. ಹಾಗೆ ಆರಿಸಿದ ನೂರು ಮಂದಿಯಲ್ಲಿ ಐವತ್ತು ಜನಕ್ಕೆ ರೋಗವಿದೆಯೆಂದುಕೊಳ್ಳಿ. ಈಗ ‘ಹೌದು’ ಎಂದ ಐವತ್ತು ಚೀಟಿಗಳಲ್ಲಿ ನಲವತ್ತು ದಿಟ. ಪರೀಕ್ಷೆ ಅದೇ, ದುಡ್ಡೂ ಅದೇ. ಬೇರೆಯಾದದ್ದು ರಕ್ತ ತೆಗೆಯುವುದಕ್ಕೆ ಮುಂಚೆ ನಡೆದ ವಿಚಾರಣೆ.

ಈ ಲೆಕ್ಕದ ಹಿಂದಿರುವ ಸೂತ್ರ ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯದು. ಆತ ತೀರಿಕೊಂಡದ್ದು 1761ರಲ್ಲಿ. ಪ್ರಬಂಧ ಅಚ್ಚಾದದ್ದು 1763ರಲ್ಲಿ. ಆ 1761ರಲ್ಲೇ ವಿಯೆನ್ನಾದಲ್ಲಿ ಔವೆನ್‌ಬ್ರುಗರ್ ಎಂಬ ವೈದ್ಯ, ಎದೆಯ ಮೇಲೆ ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿಯನ್ನು ಸದ್ದಿನಿಂದ ತಿಳಿಯುವ ವಿಧಾನವನ್ನು ಪ್ರಕಟಿಸಿದ. ಅವನು ಹೋಟೆಲು ನಡೆಸುತ್ತಿದ್ದವನ ಮಗ. ಪೀಪಾಯಿಯನ್ನು ತಟ್ಟಿ ದ್ರಾಕ್ಷಾರಸ ಎಷ್ಟಿದೆಯೆಂದು ತಿಳಿಯುವುದನ್ನು ಮನೆಯಲ್ಲೇ ಕಂಡಿದ್ದನೆಂದು ಹೇಳುತ್ತಾರೆ. ಪಾದ್ರಿಯ ಲೆಕ್ಕವೂ ವೈದ್ಯನ ಬೆರಳೂ ಒಂದೇ ಕೆಲಸಕ್ಕೆ ಬೇಕಾದವು ಎಂಬುದು ಮನುಷ್ಯನಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ವಿಚಾರಣೆಗೆ ಅಷ್ಟು ಮಹತ್ತ್ವವೆ ಎಂದು ಕೇಳುವವರಿಗೆ 1975ರಲ್ಲಿ ಬ್ರಿಟಿಷ್ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಹೊಸದಾಗಿ ಬಂದ 80 ಹೊರರೋಗಿಗಳಲ್ಲಿ 66 ಮಂದಿಯ ರೋಗನಿರ್ಣಯ ಅವರ ಕಥೆಯನ್ನು ಕೇಳಿದಾಗಲೇ ಸರಿಯಾಗಿ ಆಗಿತ್ತು. ಮೈಮುಟ್ಟಿ ನೋಡಿದ್ದು ಇನ್ನು 7 ಮಂದಿಯಲ್ಲಿ, ಪ್ರಯೋಗಶಾಲೆಯ ಪರೀಕ್ಷೆ ಮತ್ತೆ 7 ಮಂದಿಯಲ್ಲಿ ನಿರ್ಣಯವನ್ನು ಬದಲಿಸಿತು. ನಮ್ಮ ಹಳಬರಿಗೂ ಇದರ ಅರಿವಿತ್ತು. ಮಾಧವನಿದಾನವು ರೋಗವನ್ನರಿಯಲು ಹೇಳುವ ಐದು ಸಾಧನಗಳಲ್ಲಿ ಪೂರ್ವರೂಪವೆಂದರೆ ರೋಗ ಪ್ರಕಟವಾಗುವ ಮುನ್ನ ಕಂಡದ್ದು. ಉಪಶಯವೆಂದರೆ ಯಾವುದರಿಂದ ಶಮನವಾಯಿತು ಎಂಬುದು. ಇವೆರಡನ್ನೂ ರೋಗಿಯ ಬಾಯಿಂದಲೇ ಕೇಳಬೇಕು. ಹನ್ನೆರಡನೆಯ ಶತಮಾನದಲ್ಲಿ ಕನ್ನಡದಲ್ಲಿ ಗೋವೈದ್ಯವನ್ನು ಬರೆದ ಕೀರ್ತಿವರ್ಮನಿಗೆ ಈ ಸೌಕರ್ಯವಿರಲಿಲ್ಲ, ಪಾಪ. ಅವನ ರೋಗಿಗಳಿಗೆ ಮಾತು ಬಾರದು.

ಕಥೆಯೊಳಗೆ ಊರೂ ಸೇರುತ್ತದೆ, ಕಾಲವೂ ಸೇರುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕಡೆಯ ಕ್ಯಾಸನೂರು ಕಾಡಿನ ಸುತ್ತ ಜನಕ್ಕೆ ಕಡುಜ್ವರ ಬಂದು ಸಾವುಗಳಾದಾಗ, ಅದೇ ಕಾಡಿನಲ್ಲಿ ಮಂಗಗಳೂ ಸತ್ತುಬೀಳುತ್ತಿದ್ದುದು ದಾರಿ ತೋರಿಸಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಹೊಸದೊಂದು ವೈರಾಣುವನ್ನೇ ಪತ್ತೆಮಾಡಿದರು. ಅದನ್ನು ಹರಡುವುದು ಕಾಡಿನ ಉಣುಗು. ಮಲೆನಾಡಿನಲ್ಲಿ ಬೇಸಿಗೆಯ ಜ್ವರಕ್ಕೆ ‘ಕಾಡಿಗೆ ಹೋಗಿದ್ದಿರಾ, ಸತ್ತ ಮಂಗ ಕಂಡಿರಾ’ ಎಂದು ಕೇಳದೆ ವೈಡಾಲ್ ಚೀಟಿ ಬರೆಯುವ ವೈದ್ಯ ಮಂಗನ ಕಾಯಿಲೆಯನ್ನು ಕೈತಪ್ಪಿಸಿಕೊಂಡಾನು. ಗದ್ದೆಯ ನೀರಿನಲ್ಲಿ ದುಡಿಯುವವನಿಗೆ ಇಲಿಜ್ವರವಿರಬಹುದು. ಮಲೇರಿಯಾ ಇರುವ ಕಡೆಯಿಂದ ಬಂದವನಿಗಾದರೆ ರಕ್ತಲೇಪದ ಪರೀಕ್ಷೆ ಅಂದೇ ಆಗಬೇಕು. ಅಲ್ಲಿ ತಡಮಾಡುವುದು ಅಪಾಯ. ಪರೀಕ್ಷೆಗಳೇ ಬೇಡವೆಂಬ ವಾದ ನನ್ನದಲ್ಲ.

ನಮ್ಮ ಬೀದಿಯ ಒಬ್ಬ ಹುಡುಗ, ಐ.ಟಿ.ಐ. ಓದುತ್ತಿದ್ದವನು, ಸಂಜೆಯ ಹೊತ್ತು ಬರುವ ಜ್ವರಕ್ಕೆಂದು ಒಂದು ಕಡೆ ತೋರಿಸಿದ. ವೈಡಾಲ್ ‘ಹೌದು’ ಎಂದಿತು. ಎರಡು ವಾರ ಔಷಧಿಯಾಯಿತು, ಮತ್ತೆ ರಕ್ತ ನೋಡಿದರು, ಮತ್ತೆ ‘ಹೌದು’. ಪ್ರತಿಕಾಯಗಳು ತಿಂಗಳುಗಟ್ಟಲೆ ಉಳಿಯುವುದರಿಂದ ಅದು ಹಾಗೆನ್ನದೆ ಇನ್ನೇನು ಹೇಳೀತು? ‘ಟೈಫಾಯಿಡ್ ಮರುಕಳಿಸಿದೆ’ ಎಂದು ಮತ್ತೆ ಔಷಧಿ. ಎರಡು ತಿಂಗಳ ಮೇಲೆ ಬೇರೊಬ್ಬ ವೈದ್ಯರು, ‘ಕೆಮ್ಮು ಎಷ್ಟು ದಿನದಿಂದ ಇದೆಯಪ್ಪ? ತೂಕ ಇಳಿದಿದೆಯಾ?’ ಎಂದು ಕೇಳಿ, ಕಫದ ಪರೀಕ್ಷೆ ಮಾಡಿಸಿದರು. ಕ್ಷಯ. ಹುಡುಗ ಉಳಿದುಕೊಂಡ. ಅಷ್ಟರಲ್ಲಿ ಅವನೊಡನೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ತಂಗಿಗೂ ಅದು ತಗಲಿತ್ತು. ಕ್ಷಯವನ್ನು ರಕ್ತದ ಪ್ರತಿಕಾಯಗಳಿಂದ ಗುರುತಿಸುತ್ತೇವೆಂಬ ಪರೀಕ್ಷೆಗಳೂ ಒಂದು ಕಾಲಕ್ಕೆ ನಮ್ಮ ಪೇಟೆಗಳಲ್ಲಿ ಧಾರಾಳವಾಗಿದ್ದವು. ಅವುಗಳಿಂದ ಹಾನಿಯೇ ಹೆಚ್ಚೆಂದು ಭಾರತ ಸರ್ಕಾರ 2012ರಲ್ಲಿ ನಿಷೇಧಿಸಿತು. ವೈಡಾಲಿಗೆ ಅಂಥ ನಿಷೇಧವಿಲ್ಲ. ಅದು ಅಗ್ಗ, ಬೇಗ ಮುಗಿಯುತ್ತದೆ, ರೋಗಿಗೂ ಕೈಯಲ್ಲೊಂದು ಕಾಗದ ಸಿಕ್ಕಿದ ಸಮಾಧಾನ.

ಹಾಗಾದರೆ ಟೈಫಾಯಿಡನ್ನು ತಿಳಿಯುವುದು ಹೇಗೆ? ರಕ್ತವನ್ನು ಪೋಷಕದ್ರವದಲ್ಲಿಟ್ಟು ಸೂಕ್ಷ್ಮಾಣುವನ್ನೇ ಬೆಳೆಸಿ ನೋಡುವುದು. ‘ಬ್ಲಡ್ ಕಲ್ಚರ್’ ಎನ್ನುವುದು ಇದನ್ನೇ. ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಒಂದೇ ಒಂದು ಸೂಕ್ಷ್ಮಾಣುವೂ ಇಲ್ಲದಿರಬಹುದು. ಆದ್ದರಿಂದ ದೊಡ್ಡವರಲ್ಲಿ ಎಂಟು ಹತ್ತು ಮಿಲಿಲೀಟರ್ ಆದರೂ ತೆಗೆಯಬೇಕಾಗುತ್ತದೆ. ‘ಇಷ್ಟೊಂದು ರಕ್ತ ಹೀರುತ್ತಾರೆ’ ಎಂದು ಗೊಣಗುವವರು ಇದನ್ನು ನೆನೆಯಬೇಕು. ಬೆಳೆಯಲು ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಇಷ್ಟಾದರೂ ರೋಗಿಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಯನ್ನಷ್ಟೇ ಇದು ಹಿಡಿಯುತ್ತದೆ. ಅದರ ‘ಇಲ್ಲ’ ಎಂಬುದು ಕೊನೆಯ ಮಾತಲ್ಲ. ‘ಹೌದು’ ಎಂಬುದು ಮಾತ್ರ ಗಟ್ಟಿ. ಯಾವ ಔಷಧಿಗೆ ಈ ಸೂಕ್ಷ್ಮಾಣು ಬಗ್ಗುತ್ತದೆ, ಯಾವುದಕ್ಕೆ ಬಗ್ಗದು ಎಂಬುದನ್ನೂ ಅದು ತಿಳಿಸುತ್ತದೆ.

ಈ ತಿಳಿವಳಿಕೆ ಈಗ ಅತ್ಯಗತ್ಯ. ಔಷಧಿಯಿಲ್ಲದ ಕಾಲದಲ್ಲಿ ಟೈಫಾಯಿಡ್ ಬಂದ ನೂರರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. 1948ರಲ್ಲಿ ಕ್ಲೋರಾಂಫೆನಿಕಾಲ್ ಆ ಭಯವನ್ನು ನೀಗಿತು. ಕೆಲವು ದಶಕಗಳಲ್ಲಿ ಸೂಕ್ಷ್ಮಾಣು ಅದಕ್ಕೂ, ಅದರ ಅನಂತರ ಬಂದವಕ್ಕೂ ಒಗ್ಗಿಕೊಂಡಿತು. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತದಲ್ಲಿ ಹಬ್ಬಿದ ಟೈಫಾಯಿಡಿಗೆ ನುಂಗುವ ಔಷಧಿಗಳಲ್ಲಿ ಅಜಿತ್ರೋಮೈಸಿನ್ ಒಂದೇ ಎಂಬಷ್ಟು ಉಳಿಯಿತು. ಇಲ್ಲದ ಟೈಫಾಯಿಡಿಗೆ ನುಂಗಿದ ಒಂದೊಂದು ಮಾತ್ರೆಯೂ ಸೂಕ್ಷ್ಮಾಣುಗಳಿಗೆ ಕೊಟ್ಟ ಒಂದೊಂದು ಪಾಠ. ಇನ್ನೂ ಒಂದು ತೊಡಕುಂಟು: ಅಂಗಡಿಯಿಂದ ತಂದ ಆಂಟಿಬಯಾಟಿಕ್ ಎರಡು ಹೊತ್ತು ನುಂಗಿ ಆಮೇಲೆ ರಕ್ತ ಕೊಟ್ಟರೆ ಕಲ್ಚರಿನಲ್ಲಿ ಏನೂ ಬೆಳೆಯದೆ ಹೋಗಬಹುದು.

ಜ್ವರವಿಲ್ಲದವರ ವಿಷಯ ಒಂದು ಮಾತು. ಹುಟ್ಟುಹಬ್ಬಕ್ಕೆ ಅಪ್ಪ ಅಮ್ಮಂದಿರಿಗೆ ಇಡೀ ಮೈಯ ತಪಾಸಣೆಯನ್ನು ಉಡುಗೊರೆ ಕೊಡುವ ಮಕ್ಕಳಿದ್ದಾರೆ. ಚೀಟಿಯಲ್ಲಿ ‘ಸಹಜ ಮಿತಿ’ ಎಂದು ಅಚ್ಚಾಗಿರುತ್ತದಲ್ಲ, ಅದನ್ನು ಸಾಮಾನ್ಯವಾಗಿ ನೂರು ಆರೋಗ್ಯವಂತರಲ್ಲಿ ನಡುವಣ ತೊಂಬತ್ತೈದು ಮಂದಿಗೆ ಒಪ್ಪುವಂತೆ ಹಾಕಿರುತ್ತಾರೆ. ಉಳಿದೈವರು ಆರೋಗ್ಯವಾಗಿದ್ದೇ ಮಿತಿಯ ಹೊರಗಿರುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಯಾವ ರೋಗವೂ ಇಲ್ಲದ ನೂರರಲ್ಲಿ ಅರವತ್ತನಾಲ್ಕು ಮಂದಿಗೆ ಒಂದಾದರೂ ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ. ಆ ದಪ್ಪಕ್ಷರವನ್ನು ಬೆನ್ನಟ್ಟಿ ಮತ್ತೆ ಪರೀಕ್ಷೆ, ನಿದ್ದೆಗೆಟ್ಟ ರಾತ್ರಿಗಳು. ಸಕ್ಕರೆ, ರಕ್ತದೊತ್ತಡಗಳಂತೆ ವಯಸ್ಸಾದವರಲ್ಲಿ ನೋಡಲೇಬೇಕಾದವು ಕೆಲವುಂಟು; ಅವು ಆ ಉದ್ದನೆಯ ಪಟ್ಟಿಯಷ್ಟಿಲ್ಲ.

ವೈದ್ಯರನ್ನು ಪ್ರಶ್ನಿಸಲು ನಮಗೆ ಸಂಕೋಚ. ಒಂದನ್ನು ಮಾತ್ರ ವಿನಯದಿಂದ ಕೇಳಬಹುದು: ‘ಡಾಕ್ಟ್ರೇ, ಇದರಲ್ಲಿ ಇದೆ ಅಂತ ಬಂದರೆ ಏನು ಮಾಡ್ತೀರಿ? ಇಲ್ಲ ಅಂತ ಬಂದರೆ?’ ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆಯ ಅಗತ್ಯವನ್ನು ಅವರೇ ಮರುಯೋಚಿಸಿಯಾರು. ನಾವು ಮಾಡಬೇಕಾದ ಕೆಲಸವೂ ಇದೆ. ಜ್ವರ ಎಂದು ಶುರುವಾಯಿತು, ಬೆಳಿಗ್ಗೆ ಸಂಜೆ ಎಷ್ಟಿತ್ತು, ಕಳೆದ ತಿಂಗಳು ಯಾವ ಊರಿಗೆ ಹೋಗಿದ್ದೆವು, ಮನೆಯಲ್ಲಿ ಬೇರೆ ಯಾರಿಗೆ ಕಾಯಿಲೆ, ಇವನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಬೇಕು. ಈಗಾಗಲೇ ನುಂಗಿದ ಮಾತ್ರೆಗಳ ಹೆಸರು ನೆನಪಿರುವುದಿಲ್ಲ; ಖಾಲಿಯಾದ ಆ ಪಟ್ಟಿಗಳನ್ನು ಎಸೆಯದೆ ಚೀಲದಲ್ಲಿ ಹಾಕಿಕೊಂಡು ಹೋಗುವುದು ಒಳ್ಳೆಯದು.